2000ನೇ ಇಸ್ವಿ ಪ್ರೋಗ್ರಾಂ, ಐದು ಹಳೇ ಪಾಮ್ ಸೆಟ್: ಯಾವ್ದ್ರಲ್ಲಿ ಓಡ್ತು, ಯಾವ್ದ್ರಲ್ಲಿ ನಿಂತ್ಹೋಯ್ತು

2000ನೇ ಇಸ್ವೀಲಿ ಅಮ್ಮನ ಚೀಟಿ ಲೆಕ್ಕಕ್ಕೆ ಅಂತ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ, ಪಾಮ್ ಕಂಪನಿಯ 3ಎಕ್ಸ್‌ಇ ಸೆಟ್‌ಗೆ, ಅಂದ್ರೆ ಜೇಬಲ್ಲಿಟ್ಕೊಳೋ ಪುಟ್ಟ ಕಂಪ್ಯೂಟರಿಗೆ. ಬೀದಿಯ 20 ಜನ ಹೆಂಗಸರ ಚೀಟಿ, ತಿಂಗಳಿಗೊಂದ್ಸಲ ಕೂಗು, ಯಾರು ಎತ್ತಿದ್ರು, ಎಷ್ಟು ಬಿಟ್ಟು ಎತ್ತಿದ್ರು, ಉಳಿದೋರಿಗೆ ತಲಾ ಎಷ್ಟು ಬಂತು, ಯಾರ್ದು ಬಾಕಿ ಇದೆ, ಇಷ್ಟೇ ಅದ್ರ ಕೆಲ್ಸ. ಪೂರ್ತಿ ಪ್ರೋಗ್ರಾಂ ಸೇರಿ 14 ಕೆಬಿ. ಅಮ್ಮ ಅದನ್ನ ಏಳು ವರ್ಷ ದಿನಾ ಬಳಸಿದ್ರು, ಆಮೇಲೆ ಸೆಟ್ಟು ಬೀರು ಸೇರ್ತು, ಲೆಕ್ಕ ಪುಸ್ತಕಕ್ಕೆ ವಾಪಸ್ ಹೋಯ್ತು. ಹೋದ ವರ್ಷ ಅಮ್ಮನೇ ಕೇಳಿದ್ರು, ಆ ಪಾಮ್ ಇನ್ನೂ ಇದ್ಯಾ, ಈಗಿನ ಫೋನಲ್ಲಿ ಲೆಕ್ಕ ಬರೆಯೋಕೆ ನಾಲ್ಕು ಕಡೆ ಒತ್ತಬೇಕು ನಂಗೆ ಬೇಜಾರು ಅಂತ. ಅದೊಂದು ಮಾತಿಂದ ಶುರುವಾಗಿ ನಾನು ಮೂರು ತಿಂಗಳು ಐದು ಹಳೇ ಸೆಟ್ ಸೇರಿಸಿ, ಅದೇ ಪ್ರೋಗ್ರಾಂನ ಜೊತೆಗೆ ಇನ್ನೊಂದು ಹತ್ತು ಪ್ರೋಗ್ರಾಂಗಳನ್ನ ಎಲ್ಲದ್ರಲ್ಲೂ ಹಾಕಿ ನೋಡಿದೆ. ಹಳೇ ಪಾಮ್, ಅವರದ್ದೇ ಟ್ರಿಯೋ ಫೋನು ತಗೊಳೋ ಆಸೆ ಇರೋರು, ಇಲ್ಲಾ ಹಳೇ ಡೇಟಾ ಸಿಕ್ಕಾಕೊಂಡಿರೋರು ಇದನ್ನ ಓದಿದ್ರೆ ಪ್ರಯೋಜನ ಆಗಬಹುದು.

ಸೆಟ್‌ಗಳು ಇವು: ಅಮ್ಮನ 3ಎಕ್ಸ್‌ಇ (2000), ಎಂ505 (2001), ಟಂಗ್‌ಸ್ಟನ್ ಇ (2003), ಟ್ರಿಯೋ 650 (2004ರ ಕೊನೆಗೆ ಬಂದಿದ್ದು), ಸೆಂಟ್ರೋ (2007). ಮೊದಲ ಮೂರು ಬರೀ ಆರ್ಗನೈಸರ್, ಅಂದ್ರೆ ಫೋನ್ ಇಲ್ಲ. ಕೊನೇ ಎರಡು ಸಿಮ್ ಹಾಕೋ ಫೋನು. ನಾನು ಮುಖ್ಯವಾಗಿ ನೋಡಬೇಕು ಅಂದ್ಕೊಂಡಿದ್ದು ಒಂದೇ, 16 ಮೆಗಾಹರ್ಟ್ಸ್ ಸೆಟ್‌ಗೆ ಬರೆದಿದ್ದು ಏಳು ವರ್ಷ ಆದ್ಮೇಲೆ ಬಂದ ಫೋನಲ್ಲಿ ಒಂದಕ್ಷರಾನೂ ಬದಲಾಯಿಸದೆ ಓಡತ್ತಾ.

3ಎಕ್ಸ್‌ಇಯಿಂದ ಶುರು ಮಾಡ್ತೀನಿ. ಎರಡು ಸಣ್ಣ ಟ್ರಿಪಲ್ ಎ ಸೆಲ್ಲು ಹಾಕ್ದೆ, ಆನ್ ಆಯ್ತು, ಸ್ಕ್ರೀನ್ ಮೇಲೆ ನಾಲ್ಕು ಕಡೆ ಪೆನ್ ಇಡಿ ಅಂತ ಕೇಳ್ತು, ಅಷ್ಟೇ. 8 ಎಂಬಿ ಮೆಮೊರಿ, 160 ಇಂಟು 160 ಸ್ಕ್ರೀನು, ಮೋಟೊರೋಲಾ ಡ್ರ್ಯಾಗನ್‌ಬಾಲ್ ಪ್ರೊಸೆಸರ್. ಹಳೇ ಡೇಟಾ ಏನೂ ಇರ್ಲಿಲ್ಲ, ಇರೋದೂ ಇಲ್ಲ, ಯಾಕಂದ್ರೆ ಆ ಕಾಲದ ಪಾಮ್‌ಗಳಲ್ಲಿ ಎಲ್ಲಾನೂ ರ‍್ಯಾಮಲ್ಲೇ ಇರತ್ತೆ, ಸೆಲ್ ಖಾಲಿ ಆಗಿ ಬಿಟ್ಟಿದ್ರೆ ಎಲ್ಲಾ ಅಳಿಸಿಹೋಗತ್ತೆ, ಸೆಲ್ ಬದಲಾಯಿಸೋವಾಗ್ಲೂ ಒಂದು ನಿಮಿಷದೊಳಗೆ ಹಾಕ್ಬೇಕು. ಪುಣ್ಯಕ್ಕೆ ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕಲ್ಲಿ ಹಾಟ್‌ಸಿಂಕ್ (ಪಾಮ್‌ನ ಕಂಪ್ಯೂಟರಿಗೆ ಜೋಡಿಸಿ ಡೇಟಾ ಹೊಂದಿಸೋದು) ಬ್ಯಾಕಪ್ ಫೋಲ್ಡರ್ ಇತ್ತು, ಅದ್ರಲ್ಲಿ ಪ್ರೋಗ್ರಾಂನ ಪಿಆರ್‌ಸಿ ಫೈಲು, ಡೇಟಾದ ಪಿಡಿಬಿ ಫೈಲು ಎರಡೂ ಇದ್ವು. ಎರಡನ್ನೂ ಹಾಕಿ ಅಮ್ಮನಿಗೆ ಕೊಟ್ಟಾಗ ಅವರು ಮೊದಲು ನೋಡಿದ್ದು 2003ರಲ್ಲಿ ತೀರಿಹೋದ ಎದುರು ಮನೆ ಅತ್ತೆ ಹೆಸರನ್ನ. ಅವರ ಕಂತು ಎಲ್ಲಾ ಕಟ್ಟಿದ್ದಾರೆ ಅಂತ ಅದ್ರಲ್ಲಿ ಹಾಗೇ ಇತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಪಾಮ್‌ನ ಮೊದಲ ಸೆಟ್ಟು ಪೈಲಟ್ 1000 ಬಂದಿದ್ದು 1996ರಲ್ಲಿ, 128 ಕೆಬಿ ಮೆಮೊರಿ ಜೊತೆ. ಪಾಮ್ ಶುರು ಮಾಡಿದ ಜೆಫ್ ಹಾಕಿನ್ಸ್ ಅದನ್ನ ಡಿಸೈನ್ ಮಾಡೋವಾಗ ಜೇಬಲ್ಲಿ ಒಂದು ಮರದ ತುಂಡು ಇಟ್ಕೊಂಡು ಓಡಾಡ್ತಿದ್ರು, ಎಲ್ಲಿ ಯಾವಾಗ ತೆಗೀತೀನಿ ಏನಕ್ಕೆ ತೆಗೀತೀನಿ ಅಂತ ಗಮನಿಸೋಕೆ. ಆ 128 ಕೆಬಿಯ ಬಿಗಿಯಿಂದಾನೇ ಪಾಮ್ ಪ್ರೋಗ್ರಾಂಗಳು ಅಷ್ಟು ಚಿಕ್ಕದಾಗಿದ್ದಿದ್ದು, ಮತ್ತೆ ಆ ಬಿಗಿಯಿಂದಾನೇ ಪ್ರೋಗ್ರಾಂ ಬರೆಯೋರು ಎಷ್ಟಾಗತ್ತೋ ಅಷ್ಟೂ ಕೆಲ್ಸನ ಓಎಸ್ (ಸೆಟ್ಟನ್ನ ನಡೆಸೋ ಮೂಲ ಸಾಫ್ಟ್‌ವೇರ್) ಕೈಲೇ ಮಾಡಿಸ್ತಿದ್ದಿದ್ದು: ಬಟನ್ ಬರಿ, ಗೆರೆ ಎಳಿ, ರೆಕಾರ್ಡ್ ಹುಡುಕು, ಎಲ್ಲಾ ಓಎಸ್‌ನ ಕೇಳೋದು. ಆಮೇಲೆ ಹೊಂದಾಣಿಕೆ ಕಾಪಾಡಿದ್ದು ಇದೇ ಅಭ್ಯಾಸ, ಯಾಕೆ ಅಂತ ಮುಂದೆ ಗೊತ್ತಾಗತ್ತೆ.

3ಎಕ್ಸ್‌ಇಯಿಂದ ಎಂ505ಗೆ ಪ್ರೋಗ್ರಾಂ ಕಳಿಸಿದ್ದು ಬೀಮ್ ಮಾಡಿ, ಅಂದ್ರೆ ಇನ್‌ಫ್ರಾರೆಡ್ ಬೆಳಕಲ್ಲಿ. ಎರಡನ್ನೂ ಟೇಬಲ್ ಮೇಲೆ ಮುಖಾಮುಖಿ ಇಟ್ಟು, ಮೆನುವಲ್ಲಿ ಬೀಮ್ ಅಂತ ಒತ್ತಿದ್ರೆ ಆಯ್ತು, ವೈರಿಲ್ಲ, ಅಕೌಂಟಿಲ್ಲ, ಪಾಸ್‌ವರ್ಡ್ ಇಲ್ಲ. ಎಂ505 ಕಲರ್ ಸ್ಕ್ರೀನು, ಓಎಸ್ 4, ಪ್ರೊಸೆಸರ್ ಅದೇ ಡ್ರ್ಯಾಗನ್‌ಬಾಲ್ ಜಾತಿ 33 ಮೆಗಾಹರ್ಟ್ಸ್. ಎಲ್ಲಾ ಓಡ್ತು. ಇದ್ರ ಬಗ್ಗೆ ಇನ್ನೇನೂ ಹೇಳೋದಿಲ್ಲ, ಸ್ಕ್ರೀನ್ ಬೆಳಕು ಸ್ವಲ್ಪ ಮಂಕು ಅನ್ನೋದು ಬಿಟ್ರೆ.

ಕಥೆ ಇರೋದು ಟಂಗ್‌ಸ್ಟನ್ ಇಲಿ.

2002ರಲ್ಲಿ ಪಾಮ್ ಓಎಸ್ 5 ಬಂತು, ಅದ್ರ ಜೊತೆ ಪ್ರೊಸೆಸರ್ರೇ ಬದಲಾಯ್ತು. ಡ್ರ್ಯಾಗನ್‌ಬಾಲ್ 68ಕೆ ಜಾತಿ, ಹೊಸದು ಆರ್ಮ್. ಇವೆರಡರ ಭಾಷೆ ಬೇರೆ, ಬೈಟ್‌ಗಳನ್ನ ಜೋಡಿಸೋ ಕ್ರಮಾನೂ ಉಲ್ಟಾ. ಅಲ್ಲಿವರೆಗೆ ಸಾವಿರಾರು ಜನ ಬರೆದಿದ್ದ ಪ್ರೋಗ್ರಾಂ ಎಲ್ಲಾ ಒಂದೇ ದಿನಕ್ಕೆ ಕಸ ಆಗ್ಬೇಕಿತ್ತು. ಅದಕ್ಕೆ ಅವರು ಓಎಸ್ ಒಳಗೆ ಪೇಸ್ ಅಂತ ಒಂದು ಪದರ ಇಟ್ರು. ಹಳೇ ಪ್ರೋಗ್ರಾಂನ 68ಕೆ ಆದೇಶಗಳನ್ನ ಪೇಸ್ ಒಂದೊಂದಾಗಿ ಓದಿ ಆರ್ಮ್‌ಗೆ ಅರ್ಥ ಆಗೋ ಹಾಗೆ ಮಾಡಿಸತ್ತೆ, ಇದು ನಿಧಾನದ ಕೆಲ್ಸ ನಿಜ, ಆದ್ರೆ ಪ್ರೋಗ್ರಾಂ ಯಾವಾಗ ಓಎಸ್‌ನ ಕರೆಯತ್ತೋ, ಗೆರೆ ಎಳಿ ಅಂತಲೋ ರೆಕಾರ್ಡ್ ಕೊಡು ಅಂತಲೋ, ಆವಾಗ ಆ ಕೆಲ್ಸ ನೇರವಾಗಿ ಆರ್ಮ್ ಕೋಡಲ್ಲೇ ಪೂರ್ತಿ ವೇಗದಲ್ಲಿ ನಡೆಯತ್ತೆ. ಪಾಮ್ ಪ್ರೋಗ್ರಾಂಗಳ ಬಹುಪಾಲು ಹೊತ್ತು ಓಎಸ್ ಕರೆಯೋದ್ರಲ್ಲೇ ಹೋಗೋದ್ರಿಂದ, ಹಳೇ ಪ್ರೋಗ್ರಾಂ ಹೊಸ ಸೆಟ್ಟಲ್ಲಿ ಎಷ್ಟೋ ಸಲ ಮೊದಲಿಗಿಂತ ಬೇಗಾನೇ ಓಡತ್ತೆ. ನನ್ನ ಚೀಟಿ ಪ್ರೋಗ್ರಾಂಲಿ ಬಾಕಿದಾರರ ಪಟ್ಟಿ ತೆಗೆಯೋಕೆ 3ಎಕ್ಸ್‌ಇಲಿ ಕಣ್ಣಿಗೆ ಕಾಣೋಷ್ಟು ಹೊತ್ತು ಹಿಡೀತಿತ್ತು, 126 ಮೆಗಾಹರ್ಟ್ಸ್ ಟಂಗ್‌ಸ್ಟನ್ ಇಲಿ ಒತ್ತಿದ ತಕ್ಷಣ ಬಂತು. ಸ್ಕ್ರೀನ್ 320 ಇಂಟು 320 ಆಗಿದ್ರೂ ಹಳೇ ಪ್ರೋಗ್ರಾಂ 160 ಅಂದ್ಕೊಂಡೇ ಬರೆಯತ್ತೆ, ಓಎಸ್ ಅದನ್ನ ಎರಡರಷ್ಟು ಮಾಡಿ ತೋರಿಸತ್ತೆ, ಅಕ್ಷರಗಳಿಗೆ ಮಾತ್ರ ನುಣುಪು ಫಾಂಟ್ ಹಾಕತ್ತೆ. ಒಂದು ಬಟನ್ನೂ ಜಾಗ ಬಿಟ್ಟು ಹೋಗಿರ್ಲಿಲ್ಲ. ಇಂಜಿನಿಯರಿಂಗಲ್ಲಿ ಇಂಥ ಕೆಲ್ಸ ಮಾಡಿದೋರಿಗೆ ನನ್ನ ನಮಸ್ಕಾರ, ಮನಸಾರೆ ಹೇಳ್ತಿದೀನಿ.

ಆದ್ರೆ ಗ್ರಾಫ್ ಒತ್ತಿದೆ, ಸೆಟ್ ಎರರ್ ತೋರಿಸಿ ರೀಸೆಟ್ ಕೇಳ್ತು.

ತಿಂಗಳ ಕೂಗು ಹೇಗೆ ಏರಿಳಿತು ಅಂತ ತೋರಿಸೋ ಒಂದು ಪುಟ್ಟ ಗ್ರಾಫ್ ಇತ್ತು ಅದ್ರಲ್ಲಿ. 2000ದಲ್ಲಿ ಅದು ನಿಧಾನ ಅನ್ಸಿ, ನಾನು ಓಎಸ್‌ನ ಕೇಳೋದು ಬಿಟ್ಟು ಡ್ರ್ಯಾಗನ್‌ಬಾಲ್‌ನ ಎಲ್‌ಸಿಡಿ ರಿಜಿಸ್ಟರಿಂದ (ಚಿಪ್ಪೊಳಗೆ ಸ್ಕ್ರೀನಿನ ವಿವರ ಇಟ್ಕೊಳೋ ಜಾಗ) ಸ್ಕ್ರೀನ್ ಮೆಮೊರಿ ಎಲ್ಲಿದೆ ಅಂತ ಓದ್ಕೊಂಡು ನೇರ ಅಲ್ಲಿಗೇ ಬರೆದಿದ್ದೆ. ಹಾಗೆ ಮಾಡ್ಬೇಡಿ ಅಂತ ಪಾಮ್ ಡೆವಲಪರ್ ಕೈಪಿಡೀಲಿ ಸ್ಪಷ್ಟವಾಗಿ ಬರೆದಿದ್ರು. ಆರ್ಮ್ ಸೆಟ್ಟಲ್ಲಿ ಆ ರಿಜಿಸ್ಟರೇ ಇಲ್ಲ, ಇಲ್ಲದ ಜಾಗಕ್ಕೆ ಕೈ ಹಾಕಿದ್ರೆ ಇನ್ನೇನಾಗತ್ತೆ. 14 ಕೆಬಿಲಿ ನಿಯಮ ಮುರಿದಿದ್ದು ಸುಮಾರು 40 ಸಾಲು, ನಿಂತಿದ್ದು ಆ 40 ಸಾಲೇ, ಉಳಿದಿದ್ದೆಲ್ಲಾ ಕೂದಲೂ ಕೊಂಕದೆ ಓಡ್ತು. ಹಳೇ ಲಿನಕ್ಸ್ ಒಂದನ್ನ ವರ್ಚುವಲ್ ಮಷೀನಲ್ಲಿ (ಕಂಪ್ಯೂಟರೊಳಗೇ ಓಡೋ ಇನ್ನೊಂದು ಕಂಪ್ಯೂಟರ್) ಹಾಕಿ, ಪಾಮ್ ಪ್ರೋಗ್ರಾಂ ತಯಾರಿಸೋ ಪಿಆರ್‌ಸಿ ಟೂಲ್ಸ್ ಇನ್‌ಸ್ಟಾಲ್ ಮಾಡಿ, ಆ 40 ಸಾಲು ತೆಗೆದು ಓಎಸ್‌ನ ಗೆರೆ ಎಳೆಯೋ ಮಾಮೂಲಿ ಫಂಕ್ಷನ್ ಹಾಕ್ದೆ. ಆ ಫಂಕ್ಷನ್ ಮೊದಲ ಪೈಲಟ್ ಕಾಲದಿಂದಾನೂ ಇದೆ. ಈಗ ಒಂದೇ ಫೈಲು ಐದೂ ಸೆಟ್ಟಲ್ಲಿ ಗ್ರಾಫ್ ಸಮೇತ ಓಡತ್ತೆ.

ಬೇರೆಯವರ ಪ್ರೋಗ್ರಾಂಗಳಲ್ಲೂ ಇದೇ ಗೆರೆ ಕಾಣತ್ತೆ. ನೋಟ್ಸು, ಖರೀದಿ ಪಟ್ಟಿ, ಕ್ಯಾಲ್ಕುಲೇಟರ್, ಪುಸ್ತಕ ಓದೋ ಪ್ಲಕರ್, ಸ್ಪೇಸ್ ಟ್ರೇಡರ್ ಆಟ, ಎಲ್ಲಾ ಎಲ್ಲದ್ರಲ್ಲೂ ಓಡಿದ್ವು. ಓಡದೇ ಇದ್ದಿದ್ದು ಮೂರು ತರದ್ದು. ಒಂದು, ಹಳೇ ಕಪ್ಪುಬಿಳುಪು ಸೆಟ್ಟಲ್ಲಿ ಎಲ್‌ಸಿಡಿನ ನೇರ ಹಿಡಿದು ಬೂದು ಬಣ್ಣ ತರಿಸ್ತಿದ್ದ ಆಟಗಳು. ಎರಡು, ಹ್ಯಾಕ್‌ಮಾಸ್ಟರ್ ಹ್ಯಾಕ್‌ಗಳು, ಅಂದ್ರೆ ಓಎಸ್‌ನ ಕರೆಗಳನ್ನೇ ಮಧ್ಯದಲ್ಲಿ ಹಿಡಿದು ತಿರುಗಿಸ್ತಿದ್ದ ಪುಟ್ಟ ಪುಟ್ಟ ಪ್ರೋಗ್ರಾಂಗಳು, ಓಎಸ್ 5 ಅದಕ್ಕೆ ದಾರೀನೇ ಕೊಡಲ್ಲ, ಪ್ರೊಸೆಸರ್ ವೇಗ ಏರಿಸೋ ಹಳೇ ಟೂಲ್‌ಗಳೂ ಅಷ್ಟೇ, ಅವುಕ್ಕೆ ಬೇಕಾದ ಚಿಪ್ಪೇ ಅಲ್ಲಿಲ್ಲ. ಮೂರು, ಪಾಮ್ ಓಎಸ್ ಹಾಕಿದ್ದ ಸೋನಿ ಕಂಪನಿಯ ಕ್ಲಿಯೆ ಸೆಟ್‌ಗೆ ಅಂತಾನೇ ಬರೆದಿದ್ದು. ಸೋನಿ 2001ರಲ್ಲೇ 320 ಸ್ಕ್ರೀನ್ ತಂದುಬಿಟ್ಟಿತ್ತು, ಪಾಮ್ ಓಎಸ್‌ನಲ್ಲಿ ಅದಕ್ಕೆ ಇನ್ನೂ ವ್ಯವಸ್ಥೆ ಇರ್ಲಿಲ್ಲ, ಹಾಗಾಗಿ ತನ್ನದೇ ಲೈಬ್ರರಿ (ಪ್ರೋಗ್ರಾಂಗಳು ಕರೆದು ಬಳಸೋ ಸಿದ್ಧ ಕೋಡು) ಮಾಡ್ಕೊಳ್ತು, ಆಮೇಲೆ ಓಎಸ್ 5 ಬೇರೆ ಪದ್ಧತಿ ತಂತು. ನಡುವೆ ಸೋನಿ ಲೈಬ್ರರಿ ನಂಬಿ ಬರೆದೋರು ಸಿಕ್ಕಿಹಾಕೊಂಡ್ರು. ಕ್ಲಿಯೆ ಪ್ರೋಗ್ರಾಂ ಅಂತ ಹೆಸರಿದ್ರೆ ಟ್ರಿಯೋದಲ್ಲಿ ಓಡತ್ತೆ ಅಂತ ನಂಬಿ ಕೂರಬೇಡಿ.

ಇನ್ನೊಂದು ಸಣ್ಣದು ಆದ್ರೆ ಅಮ್ಮನಿಗೆ ದೊಡ್ಡದಾಗಿದ್ದು: ಗ್ರಾಫಿಟಿ. ಪೆನ್ನಲ್ಲಿ ಒಂದೇ ಗೀಟಿಗೆ ಒಂದಕ್ಷರ ಬರೆಯೋ ಪದ್ಧತಿ ಅದು. ಜೆರಾಕ್ಸ್ ಜೊತೆ ಪೇಟೆಂಟ್ ಕೇಸ್ ನಡೆದು 2003ರಿಂದ ಹೊಸ ಸೆಟ್‌ಗಳಿಗೆ ಗ್ರಾಫಿಟಿ 2 ಬಂತು, ಅದ್ರಲ್ಲಿ ಕೆಲವು ಅಕ್ಷರಕ್ಕೆ ಎರಡು ಗೀಟು ಬೇಕು. ಪ್ರೋಗ್ರಾಂ ಹೊಂದ್ಕೊಂಡ್ತು, ಅಮ್ಮನ ಕೈ ಹೊಂದ್ಕೊಳ್ಳಲಿಲ್ಲ. ಟಂಗ್‌ಸ್ಟನ್ ಇಲಿ ಅವರು ಟಿ ಬರೆದಾಗೆಲ್ಲಾ ಬೇರೇನೋ ಬಂದು, ಎರಡು ದಿನಕ್ಕೆ ವಾಪಸ್ ಕೊಟ್ಟುಬಿಟ್ರು. ಹೊಂದಾಣಿಕೆ ಅಂದ್ರೆ ಇದೂ ಸೇರತ್ತೆ ಅಂತ ನನಗೆ ಆವತ್ತು ಗೊತ್ತಾಗಿದ್ದು.

ಹಾಗಾಗಿ ಅಮ್ಮನಿಗೆ ಕೊನೆಗೆ ಒಪ್ಪಿದ್ದು ಟ್ರಿಯೋ 650, ಅದ್ರಲ್ಲಿ ಬರೆಯೋ ಜಾಗಾನೇ ಇಲ್ಲ, ಕೀಬೋರ್ಡ್ ಇದೆ. 312 ಮೆಗಾಹರ್ಟ್ಸ್ ಇಂಟೆಲ್ ಪ್ರೊಸೆಸರ್, 320 ಸ್ಕ್ರೀನು, ಬ್ಲೂಟೂತು, ಕಳಚಿ ಹಾಕೋ ಬ್ಯಾಟರಿ. ಪೆನ್ನಿಗೆ ಅಂತ ಬರೆದ ಹಳೇ ಪ್ರೋಗ್ರಾಂಗಳಲ್ಲಿ ನಡುವಿನ ಐದು ದಿಕ್ಕಿನ ಬಟನ್ ಅಷ್ಟಾಗಿ ಕೆಲ್ಸಕ್ಕೆ ಬರಲ್ಲ, ಸ್ಕ್ರೀನ್ ಮುಟ್ಟಲೇಬೇಕು, ಅಷ್ಟು ಬಿಟ್ರೆ ಚೀಟಿ ಪ್ರೋಗ್ರಾಂ ಮೊದಲ ದಿನದಿಂದಾನೇ ಓಡ್ತು.

ಟ್ರಿಯೋ 650ಲಿ ಗೊತ್ತಿರಬೇಕಾದ್ದು ಮೆಮೊರಿ ವಿಷಯ. ಇದು ಮತ್ತೆ ಅದೇ ಹೊತ್ತಿಗೆ ಬಂದ ಟಂಗ್‌ಸ್ಟನ್ ಟಿ5, ಈ ಎರಡ್ರಲ್ಲಿ ಡೇಟಾನ ರ‍್ಯಾಮಿಂದ ಫ್ಲ್ಯಾಶ್‌ಗೆ ಒಯ್ದ್ರು. ಬ್ಯಾಟರಿ ಸತ್ರೂ ಡೇಟಾ ಸಾಯಲ್ಲ, ಅಮ್ಮನ ಹಳೇ ಸೆಟ್ ತರ ಎಲ್ಲಾ ಅಳಿಸಿಹೋಗೋ ಭಯ ಇಲ್ಲ, ಇದು ತುಂಬಾ ದೊಡ್ಡ ಅನುಕೂಲ. ಆದ್ರೆ ಫ್ಲ್ಯಾಶ್ಲಿ ಡೇಟಾ 512 ಬೈಟಿನ ಬ್ಲಾಕ್ ಲೆಕ್ಕದಲ್ಲಿ ಕೂರತ್ತೆ, ಪಾಮ್ ಡೇಟಾ ಅಂದ್ರೆ ಇಪ್ಪತ್ತು ಮೂವತ್ತು ಬೈಟಿನ ಚೂರುಗಳು, ಹಾಗಾಗಿ ಅದೇ ಡೇಟಾ ಇಲ್ಲಿ ಉಬ್ಬಿಹೋಗ್ತಿತ್ತು. ಟ್ರಿಯೋ 600 ತುಂಬಾ ತುಂಬಿಸಿಕೊಂಡಿದ್ದೋರು 650ಗೆ ಬಂದಾಗ ಅವರ ಡೇಟಾ ಹಿಡಿಸ್ಲೇ ಇಲ್ಲ. ದೊಡ್ಡ ಗಲಾಟೆ ಆಗಿ ಕಂಪನಿ 128 ಎಂಬಿ ಎಸ್‌ಡಿ ಕಾರ್ಡ್ ಪುಕ್ಕಟೆ ಕೊಡ್ತು, ಆಮೇಲೆ ಅಪ್‌ಡೇಟಲ್ಲಿ ಸರಿ ಮಾಡ್ತು. ಹಳೇ ಟ್ರಿಯೋ ತಗೊಳೋರು ಮೊದಲು ಸೆಟ್ಟಲ್ಲಿರೋ ಸಾಫ್ಟ್‌ವೇರ್ ಯಾವ ವರ್ಷನ್ನು ಅಂತ ಫೋನ್ ಇನ್ಫೋಲಿ ನೋಡಿ ತಗೊಳಿ.

ಇನ್ನೂ ಒಂದು, ಫ್ಲ್ಯಾಶ್ಲಿರೋ ಡೇಟಾನ ಪ್ರೋಗ್ರಾಂ ಮುಟ್ಟೋಕೆ ಮುಂಚೆ ಓಎಸ್ ಅದನ್ನ ರ‍್ಯಾಮಿನ ಕ್ಯಾಶಿಗೆ (ತಾತ್ಕಾಲಿಕ ಜಾಗಕ್ಕೆ) ತರ್ಬೇಕು. ಹಳೇ ಪ್ರೋಗ್ರಾಂಗಳು ಡೇಟಾ ಯಾವಾಗ್ಲೂ ಮೆಮೊರೀಲೇ ಇರತ್ತೆ ಅಂತ ಅಂದ್ಕೊಂಡೇ ಬರೆದಿದ್ದು, ಕರೆದ ಕೂಡ್ಲೆ ಸಿಗತ್ತೆ ಅನ್ನೋ ನಂಬಿಕೆ. ಕ್ಯಾಶ್ ತುಂಬಿದ್ರೆ ದೊಡ್ಡ ಡಿಕ್ಷನರಿ, ದೊಡ್ಡ ಆಟ ತೆರೆಯೋಕೆ ತಡ ಆಗತ್ತೆ ಇಲ್ಲಾ ತೆರೆಯೋದೇ ಇಲ್ಲ. ಚೀಟಿ ಲೆಕ್ಕದಂಥ ಪುಟ್ಟ ಡೇಟಾಗೆ ಇದು ಗೊತ್ತೇ ಆಗಲ್ಲ. 3ಎಕ್ಸ್‌ಇಲಿ ಪ್ರೋಗ್ರಾಂನಿಂದ ಪ್ರೋಗ್ರಾಂಗೆ ಹಾರೋವಾಗ ಇದ್ದ ಆ ಚಕ್ ಅಂತ ಬರೋ ವೇಗ ಮಾತ್ರ ಇಲ್ಲಿಲ್ಲ, ಪ್ರೊಸೆಸರ್ ಇಪ್ಪತ್ತು ಪಟ್ಟು ಜೋರಿದ್ರೂ.

ಸೆಂಟ್ರೋ ಬಗ್ಗೆ ಬೇಗ ಮುಗಿಸ್ತೀನಿ. ಅದೇ ವೇಗ, 64 ಎಂಬಿ, ಚಿಕ್ಕದು ಹಗುರ, ಕೀಬೋರ್ಡ್ ಕೀಗಳು ಅಕ್ಕಿಕಾಳಿನಷ್ಟು. ಪ್ರೋಗ್ರಾಂ ಎಲ್ಲಾ ಓಡ್ತು, ಬೆರಳು ಸಣ್ಣ ಇರೋರಿಗೆ ಒಳ್ಳೇದು.

ಬೇರೆ ಕಂಪನಿಗಳ ಜೊತೆ ಹೋಲಿಸಿದ್ರೆ ಪಾಮ್ ಎಷ್ಟು ಜೋಪಾನ ಮಾಡ್ತು ಅಂತ ಗೊತ್ತಾಗತ್ತೆ. ಮೈಕ್ರೋಸಾಫ್ಟಿನ ವಿಂಡೋಸ್ ಸಿಇ ಸೆಟ್‌ಗಳಲ್ಲಿ ಮೊದಮೊದ್ಲು ಮಿಪ್ಸ್, ಎಸ್‌ಎಚ್3, ಆರ್ಮ್ ಅಂತ ಮೂರು ತರ ಪ್ರೊಸೆಸರ್, ಪ್ರತಿಯೊಂದಕ್ಕೂ ಬೇರೆ ಫೈಲು, ತಪ್ಪು ಇಳಿಸಿಕೊಂಡ್ರೆ ಓಡಲ್ಲ, ಅದ್ರ ಹೊಸ ರೂಪ ಪಾಕೆಟ್ ಪಿಸಿ 2002 ಬಂದ್ಮೇಲೆ ಆರ್ಮ್ ಒಂದೇ ಅಂತ ಆಯ್ತು. ನೋಕಿಯಾ 6600, ಎನ್70 ಇಟ್ಕೊಂಡಿದ್ದೋರಿಗೆ ನೆನಪಿರತ್ತೆ, 2006ರಲ್ಲಿ ಆ ಫೋನುಗಳ ಸಾಫ್ಟ್‌ವೇರ್ ಎಸ್60ರ ಮೂರನೇ ಎಡಿಷನ್ ಬಂದಾಗ, ಎನ್73 ತಗೊಂಡೋರು ಹಳೇ ಎಸ್60 ಪ್ರೋಗ್ರಾಂ ಒಂದನ್ನೂ ಹಾಕೋಕಾಗ್ಲಿಲ್ಲ, ಫೈಲ್ ಸಪೋರ್ಟ್ ಇಲ್ಲ ಅಂತಾನೋ ಸರ್ಟಿಫಿಕೇಟ್ ಇಲ್ಲ ಅಂತಾನೋ ಬರೋದು. ಆ ಹೊತ್ತಲ್ಲಿ 1996ರ ಪೈಲಟ್‌ಗೆ ನಿಯಮ ಪಾಲಿಸಿ ಬರೆದ ಪ್ರೋಗ್ರಾಂ ಟ್ರಿಯೋದಲ್ಲಿ ಓಡ್ತಿತ್ತು. ಹತ್ತು ವರ್ಷದ ಮಾತು ಅದು.

ಪಾಮ್ ಕೈಕೊಟ್ಟಿದ್ದು ಕಂಪ್ಯೂಟರ್ ಕಡೆ. ಸೆಟ್ಟಿಂದ ಸೆಟ್ಟಿಗೆ ಎಲ್ಲಾ ಸುಲಭ, ಕಂಪ್ಯೂಟರಿಂದ ಸೆಟ್ಟಿಗೆ ಬಂದ್ರೆ ಕಷ್ಟ. ಸಿಂಕ್ ಮಾಡೋ ಕಂಪ್ಯೂಟರ್ ಪ್ರೋಗ್ರಾಂ ಪಾಮ್ ಡೆಸ್ಕ್‌ಟಾಪಿನ ಕೊನೇ ದೊಡ್ಡ ವರ್ಷನ್ 6.2, ವಿಸ್ಟಾ ಕಾಲದ್ದು, 64 ಬಿಟ್ ವಿಂಡೋಸಿಗೆ ಯುಎಸ್‌ಬಿ ಡ್ರೈವರ್ ಪಾಮ್ ಕೊಡ್ಲೇ ಇಲ್ಲ. ಅಸೀಕಾ ಅನ್ನೋ ನ್ಯೂಜಿಲೆಂಡ್ ಕಂಪನಿಯ ಡ್ರೈವರ್ ಹಾಕಿ ಎಷ್ಟೋ ಜನ ಸಿಂಕ್ ಮಾಡ್ಕೊಂಡಿದಾರೆ. ಲಿನಕ್ಸ್ ಗೊತ್ತಿದ್ರೆ ಜೆ-ಪೈಲಟ್, ಪೈಲಟ್-ಲಿಂಕ್ ಇದೆ, ನಾನು ಅದ್ರಲ್ಲೇ ಬ್ಯಾಕಪ್ ತಗೊಂಡಿದ್ದು. 3ಎಕ್ಸ್‌ಇಗೆ ಸೀರಿಯಲ್ ಕ್ರೇಡಲ್ (ಹಳೇ ಸೀರಿಯಲ್ ಪೋರ್ಟಿನ ಸ್ಟ್ಯಾಂಡು), ಯುಎಸ್‌ಬಿ ಟು ಸೀರಿಯಲ್ ಕನ್ವರ್ಟರ್ ಹಾಕಿದ್ರೆ ನಡೆಯತ್ತೆ.

ಇದೆಲ್ಲಾ ರಗಳೆ ಬೇಡ ಅನ್ನೋರಿಗೆ ಒಂದು ಸುಲಭ ದಾರಿ. 2 ಜಿಬಿ ಅಥವಾ ಕಡಿಮೆ ಇರೋ ಹಳೇ ಸಾದಾ ಎಸ್‌ಡಿ ಕಾರ್ಡ್ ತಗೊಳಿ, ಎಸ್‌ಡಿಎಚ್‌ಸಿ ಅಂತ ಇದ್ದಿದ್ದು ತಗೋಬೇಡಿ. ಅದ್ರಲ್ಲಿ ಪಾಮ್ ಅಂತ ಫೋಲ್ಡರು, ಅದ್ರೊಳಗೆ ಲಾಂಚರ್ ಅಂತ ಫೋಲ್ಡರು ಮಾಡಿ, ಅಲ್ಲಿ ಪಿಆರ್‌ಸಿ ಫೈಲ್ ಹಾಕಿ ಕಾರ್ಡನ್ನ ಸೆಟ್ಟಿಗೆ ಹಾಕಿದ್ರೆ ಪ್ರೋಗ್ರಾಂ ಅಲ್ಲೇ ಕಾಣತ್ತೆ, ಕಾಪಿ ಮಾಡ್ಕೊಳೋದು ಅಷ್ಟೇ. ಕಾರ್ಡ್ ಸ್ಲಾಟ್ ಇಲ್ಲದ 3ಎಕ್ಸ್‌ಇಗೆ ಟ್ರಿಯೋದಿಂದ ಬೀಮ್ ಮಾಡಿ. 2004ರ ಫೋನು 2000ದ ಸೆಟ್ಟಿಗೆ ಇನ್‌ಫ್ರಾರೆಡ್ಡಲ್ಲಿ ಫೈಲ್ ಕೊಡೋದನ್ನ ನಾನು ಮನೇಲಿ ಮಕ್ಕಳನ್ನ ಕೂರಿಸಿ ತೋರಿಸ್ದೆ.

ದುಡ್ಡು ಕೊಟ್ಟು ತಗೊಂಡಿದ್ದ ಪ್ರೋಗ್ರಾಂಗಳ ಬಗ್ಗೆ ಒಂದು ಎಚ್ಚರಿಕೆ. ಆ ಕಾಲದ ಎಷ್ಟೋ ಪ್ರೋಗ್ರಾಂಗಳ ರಿಜಿಸ್ಟ್ರೇಷನ್ ಕೋಡು ನಿಮ್ಮ ಹಾಟ್‌ಸಿಂಕ್ ಹೆಸರಿಂದ ಹುಟ್ಟಿದ್ದು. ಹೊಸ ಸೆಟ್ಟಿಗೆ ಹೆಸರು ಕೊಡೋವಾಗ ಒಂದಕ್ಷರ ಹೆಚ್ಚುಕಡಿಮೆ ಆದ್ರೂ, ಖಾಲಿ ಜಾಗ ಬಿಟ್ರೂ ಕೋಡ್ ಒಪ್ಪಲ್ಲ, ಮಾರಿದೋರು ಅಂಗಡಿ ಮುಚ್ಚಿ ಹೋಗಿದ್ದಾರೆ, ಕೇಳೋಕೆ ಯಾರೂ ಇಲ್ಲ. ನನ್ನ ಒಂದು ಡಿಕ್ಷನರಿ ಹಾಗೇ ಹೋಯ್ತು, 2002ರಲ್ಲಿ ಕಾರ್ಡ್ ಇರೋ ಸ್ನೇಹಿತನ್ನ ಕಾಡಿ ಡಾಲರ್ ಕೊಡಿಸಿ ತಗೊಂಡಿದ್ದು. ಹಳೇ ಬ್ಯಾಕಪ್ ಫೋಲ್ಡರಿನ ಹೆಸರು ನೋಡಿ ಅದೇ ಹೆಸರು ಹಾಗ್ಹಾಗೇ ಕೊಡಿ.

ಕನ್ನಡ. ಇದನ್ನ ಬಿಟ್ಟು ಹೋಗೋಕಾಗಲ್ಲ. ಪಾಮ್ ಓಎಸ್ ನಮ್ಮ ಕಡೆ ಸೆಟ್‌ಗಳಲ್ಲಿ ಒಂದಕ್ಷರಕ್ಕೆ ಒಂದು ಬೈಟ್ ಲೆಕ್ಕ, ಇಂಗ್ಲಿಷು ಯುರೋಪಿನ ಅಕ್ಷರಗಳಿಗೆ ಅಷ್ಟೇ ಜಾಗ. ಯೂನಿಕೋಡ್ ಕನ್ನಡ ಹಾಕಿದ್ರೆ ಒತ್ತಕ್ಷರ ಹಾಗಿರಲಿ ಅ ಆ ಕೂಡ ಬರಲ್ಲ. ಅಮ್ಮನ ಚೀಟೀಲಿ ಎಲ್ಲಾ ಹೆಸರೂ ಇಂಗ್ಲಿಷಲ್ಲೇ ಇದೆ. ಇದು ಯಾಕೆ ಇಷ್ಟು ಚುಚ್ಚತ್ತೆ ಅಂದ್ರೆ, ಅದೇ ಕಾಲದಲ್ಲಿ ನಮ್ಮ ಬೆಂಗಳೂರಲ್ಲೇ ಸಿಂಪ್ಯೂಟರ್ ಅನ್ನೋ ಕೈಲಿ ಹಿಡಿಯೋ ಕಂಪ್ಯೂಟರ್ ಇತ್ತು. ಐಐಎಸ್‌ಸಿಯ ಪ್ರೊಫೆಸರ್‌ಗಳು ಎನ್‌ಕೋರ್ ಕಂಪನಿಯೋರ ಜೊತೆ ಸೇರಿ ಮಾಡಿದ್ದು, ಒಳಗೆ ಲಿನಕ್ಸು, ಕನ್ನಡ ತೋರಿಸ್ತಿತ್ತು, ಧ್ವನಿ ಅನ್ನೋ ಸಾಫ್ಟ್‌ವೇರಲ್ಲಿ ಕನ್ನಡ ಓದಿ ಹೇಳ್ತಿತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರ್ಕೆಟ್ಟಿಗೆ ಬಂತು, ಸೆಟ್ಟನ್ನ ಓರೆ ಮಾಡಿದ್ರೆ ಪುಟ ತಿರುಗೋ ಸೆನ್ಸರ್ ಅದ್ರಲ್ಲಿತ್ತು, ಐಫೋನಿಗೆ ಮೂರು ವರ್ಷ ಮುಂಚೆ. ಆದ್ರೆ ಪಾಮಿನ ಪ್ರೋಗ್ರಾಂ ಅದ್ರಲ್ಲಿ ಓಡಲ್ಲ, ಅದ್ರದ್ದು ಪಾಮಲ್ಲಿ ಓಡಲ್ಲ. ಒಂದು ಕಡೆ ಸಾವಿರಾರು ಪ್ರೋಗ್ರಾಂ ಇದ್ದು ಕನ್ನಡ ಇಲ್ಲ, ಇನ್ನೊಂದು ಕಡೆ ಕನ್ನಡ ಇದ್ದು ಪ್ರೋಗ್ರಾಂ ಬರೆಯೋ ಜನ ಸಾಕಷ್ಟು ಸೇರಲಿಲ್ಲ. ಯಾರ ಹತ್ರಾದ್ರೂ ಓಡೋ ಸ್ಥಿತೀಲಿರೋ ಸಿಂಪ್ಯೂಟರ್ ಇದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ.

ಸೆಟ್ಟೇ ಇಲ್ಲದೆ ನೋಡ್ಬೇಕು ಅನ್ನೋರಿಗೆ ಕ್ಲೌಡ್‌ಪೈಲಟ್ ಅಂತ ಎಮ್ಯುಲೇಟರ್, ಅಂದ್ರೆ ಪಾಮ್ ಸೆಟ್ಟನ್ನ ಅನುಕರಿಸೋ ಸಾಫ್ಟ್‌ವೇರ್ ಇದೆ, ಬ್ರೌಸರಲ್ಲೇ ಓಡತ್ತೆ, ಈಗಿನ ಮೊಬೈಲಲ್ಲೂ. ಇಂಟರ್ನೆಟ್ ಆರ್ಕೈವ್ 2022ರಲ್ಲಿ 500ಕ್ಕೂ ಹೆಚ್ಚು ಪಾಮ್ ಪ್ರೋಗ್ರಾಂಗಳನ್ನ ಅದ್ರಿಂದಾನೇ ಆನ್‌ಲೈನ್ ಓಡೋ ಹಾಗೆ ಇಟ್ಟಿದೆ. ನಾನು ನನ್ನ 14 ಕೆಬಿ ಫೈಲನ್ನ ಆಂಡ್ರಾಯ್ಡ್ ಫೋನಿನ ಕ್ರೋಮಲ್ಲಿ ಓಡಿಸ್ದೆ, ಗ್ರಾಫ್ ಸಮೇತ ಬಂತು, ಅಮ್ಮನ ಡೇಟಾನೂ ಬಂತು. ಹಳೇ ಡೇಟಾ ಒಂದ್ಸಲ ನೋಡ್ಕೊಂಡು ಬರ್ಕೊಂಡ್ರೆ ಸಾಕು ಅನ್ನೋರು ಸೆಟ್ ತಗೊಳೋಕೇ ಹೋಗ್ಬೇಡಿ, ಇದು ಸಾಕು. ಹಿಂದೆ ವಿಂಡೋಸ್ ಮೊಬೈಲಿಗೆ ಸ್ಟೈಲ್‌ಟ್ಯಾಪ್, 2009ರ ಪಾಮ್ ಪ್ರೀ ಫೋನಿಗೆ ಕ್ಲಾಸಿಕ್ ಅಂತ ಇಂಥದ್ದೇ ಇದ್ವು. ಪ್ರೀ ಬಂದಾಗ ಪಾಮ್ ತನ್ನ ಹಳೇ ಓಎಸ್‌ನ ಪೂರ್ತಿ ಬಿಟ್ಟುಬಿಟ್ಟಿತ್ತು, ಹಳೇ ಪ್ರೋಗ್ರಾಂ ಬೇಕಂದ್ರೆ ಬೇರೆ ಕಂಪನಿಯ ಎಮ್ಯುಲೇಟರ್ ದುಡ್ಡು ಕೊಟ್ಟು ತಗೋಬೇಕಿತ್ತು. ಅಷ್ಟು ವರ್ಷ ಜತನದಿಂದ ಕಾಪಾಡ್ಕೊಂಡು ಬಂದ ಹೊಂದಾಣಿಕೆ ಅಲ್ಲಿಗೆ ನಿಂತಿದ್ದು ನಂಗೆ ಈಗ್ಲೂ ನೋವು.

ತಗೊಳೋರಿಗೆ ನನ್ನ ಸಲಹೆ. ದಿನಾ ಬಳಸ್ಬೇಕು ಅಂದ್ರೆ ಟ್ರಿಯೋ 650, ಕಣ್ಮುಚ್ಚಿ. ಬ್ಯಾಟರಿ ಕಳಚೋಕೆ ಬರತ್ತೆ, ಅದೇ ದೊಡ್ಡ ಕಾರಣ. ಜಿಎಸ್‌ಎಂ ಸೆಟ್ಟು 2ಜಿ ಸಿಗ್ನಲ್ಲಲ್ಲಿ ಮಾತ್ರ ಕೆಲ್ಸ ಮಾಡೋದು, ಜಿಯೋ ಸಿಮ್ ಆಗಲ್ಲ, ಏರ್‌ಟೆಲ್ ಸಿಮ್ಮಲ್ಲಿ ನಂಗೆ ಕಾಲ್ ಬಂತು, ನ್ಯಾನೋ ಸಿಮ್ಮಿಗೆ ಅಡಾಪ್ಟರ್ ಬೇಕು. ಇಂಟರ್ನೆಟ್ ಮರೆತುಬಿಡಿ, ಈಗಿನ ಸೈಟ್‌ಗಳ ಸೆಕ್ಯುರಿಟಿ ಅದ್ರ ಬ್ರೌಸರಿಗೆ ಗೊತ್ತಿಲ್ಲ. ಬರೀ ಆರ್ಗನೈಸರ್ ಸಾಕು, ಹಳೇ ಗ್ರಾಫಿಟಿ ಕೈಗೆ ಕೂತಿದೆ ಅನ್ನೋರು 3ಎಕ್ಸ್‌ಇ ತಗೊಳಿ, ಎಲ್ಲಾ ಅಂಗಡೀಲಿ ಸಿಗೋ ಸೆಲ್ಲು, ವಾರಗಟ್ಟಲೆ ಬರತ್ತೆ. ಟಂಗ್‌ಸ್ಟನ್ ಇ ಸ್ಕ್ರೀನ್ ಚೆಂದ, ಆದ್ರೆ ಬ್ಯಾಟರಿ ಒಳಗೆ ಸೇರಿಸಿಬಿಟ್ಟಿದ್ದಾರೆ, ಡೇಟಾನೂ ಆ ಬ್ಯಾಟರಿ ನಂಬ್ಕೊಂಡೇ ಇರೋದು, ಇಪ್ಪತ್ತು ವರ್ಷದ ಬ್ಯಾಟರಿ ನಂಬಿ ಲೆಕ್ಕ ಇಡೋದು ನನ್ನಿಂದಾಗಲ್ಲ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಒಬ್ಬರು ಟೆಸ್ಟ್ ಮಾಡಿದೀವಿ ಸಾರ್ ಅಂತ ಕೊಟ್ಟ ಟ್ರಿಯೋ ಮನೆಗೆ ತಂದು ಹಿಂದಿನ ಮುಚ್ಚಳ ತೆಗೆದ್ರೆ ಬ್ಯಾಟರಿ ಉಬ್ಬಿ ಪಾಪಡ್ ಆಗಿತ್ತು, ವಾಪಸ್ ತಗೊಳಲ್ಲ ಅಂದ್ರು. ಅಲ್ಲೇ ನಿಂತು ಮುಚ್ಚಳ ತೆಗೆಸಿ ನೋಡಿ, ಆನ್ ಮಾಡಿಸಿ, ಸ್ಕ್ರೀನಿನ ನಾಲ್ಕು ಮೂಲೆ ಮುಟ್ಟಿ ನೋಡಿ, ಬೀಮ್ ಕೂಡ ಮಾಡಿ ನೋಡಿ.

ಅಮ್ಮ ಈಗ ನಾಲ್ಕು ತಿಂಗಳಿಂದ ಟ್ರಿಯೋದಲ್ಲೇ ಚೀಟಿ ಲೆಕ್ಕ ಬರೀತಿದಾರೆ. ಹೊಸ ಚೀಟಿ ಶುರು ಮಾಡಿದಾಗ ಒಂದು ವಿಷಯ ಎದುರಾಯ್ತು. ಪಾಮ್ ಓಎಸ್ ತಾರೀಖಿನಲ್ಲಿ ವರ್ಷಕ್ಕೆ ಕೊಟ್ಟಿರೋದು 7 ಬಿಟ್ಟು, ಎಣಿಕೆ 1904ರಿಂದ ಶುರು, ಅಂದ್ರೆ 2031ರ ಡಿಸೆಂಬರ್ 31ಕ್ಕೆ ಮುಗೀತು, ಕ್ಯಾಲೆಂಡರ್ ಅಲ್ಲಿಂದ ಮುಂದಕ್ಕೆ ಹೋಗಲ್ಲ. ಸೆಕೆಂಡ್ ಲೆಕ್ಕದಲ್ಲಿ ಇಟ್ರೆ 32 ಬಿಟ್ ಸಿಗತ್ತೆ, 2040ರ ಫೆಬ್ರವರಿವರೆಗೆ ಎಳೆಯಬಹುದು, ತಾರೀಖು ಆರಿಸೋ ಸ್ಕ್ರೀನ್ ಮಾತ್ರ ನಾನೇ ಬರೀಬೇಕು. ವರ್ಚುವಲ್ ಮಷೀನ್ ಹೇಗೂ ಇದೆ, ಈ ಭಾನುವಾರ ಕೂತ್ಕೊಂಡು ಅದನ್ನ ಬದಲಾಯಿಸಿ ಅಮ್ಮನ ಟ್ರಿಯೋಗೆ ಬೀಮ್ ಮಾಡ್ತೀನಿ.